ಕಂಠ ನೋಡಿ ಪಾತ್ರ: ಬಾಲ್ಡರ್ಸ್ ಗೇಟ್ 3ರಲ್ಲಿ ಸಬ್‌ಕ್ಲಾಸ್ ಆರಿಸಿ ಆಡುವ ಬಗೆ

ಗುಬ್ಬಿ ತಾಲ್ಲೂಕಿನ ನಮ್ಮೂರಿನಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವಾಗ ಹಾರ್ಮೋನಿಯಂ ಮೇಷ್ಟ್ರು ಮೊದಲ ದಿನವೇ ಯಾರಿಗೂ ಪಾತ್ರ ಹೇಳುತ್ತಿರಲಿಲ್ಲ. ದೇವಸ್ಥಾನದ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿ ಒಬ್ಬೊಬ್ಬರಿಂದ ಒಂದೊಂದು ಕಂದಪದ್ಯ ಹಾಡಿಸುತ್ತಿದ್ದರು. ಯಾರ ಉಸಿರು ಎಷ್ಟು ನಿಲ್ಲುತ್ತದೆ, ಮೇಲಿನ ಸ್ವರಕ್ಕೆ ಹೋದಾಗ ಯಾರ ದನಿ ಒಡೆಯುತ್ತದೆ, ಯಾರ ಮಾತು ಚುರುಕು ಎಂಬುದನ್ನೆಲ್ಲ ಕೇಳಿಕೊಂಡ ಮೇಲೆಯೇ ದುರ್ಯೋಧನ ಯಾರು, ಕೃಷ್ಣ ಯಾರು ಎಂಬ ತೀರ್ಮಾನ. ನಮ್ಮ ಚಿಕ್ಕಪ್ಪನಿಗೆ ಭೀಮನಾಗುವ ಆಸೆ. ಮೇಷ್ಟ್ರು ಕೊಟ್ಟದ್ದು ಶಕುನಿ. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ ಚಿಕ್ಕಪ್ಪ ಮೂರನೆಯ ದಿನ ಜೂಜಿನ ಪದ್ಯವನ್ನು ದಾಳ ಉರುಳಿಸುವ ಕೈಸನ್ನೆಯೊಡನೆ ಹಾಡಿದಾಗ ಜಗಲಿಯ ಮೇಲಿದ್ದವರೆಲ್ಲ ಮಾತು ನಿಲ್ಲಿಸಿ ತಿರುಗಿ ನೋಡಿದರು. ಆ ಪಾತ್ರ ಅವರಿಗಾಗಿಯೇ ಕಾದಿತ್ತು.

ಬಾಲ್ಡರ್ಸ್ ಗೇಟ್ 3 ಆಟವನ್ನು ಮೊದಲ ಸಲ ತೆರೆದವರೂ ಅದೇ ಜಗಲಿಯ ಮೇಲೆ ಕೂರುತ್ತಾರೆ, ಆದರೆ ಅಲ್ಲಿ ಕಂಠ ನೋಡಿ ಪಾತ್ರ ಕೊಡುವ ಮೇಷ್ಟ್ರಿಲ್ಲ. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರ ಆಗಸ್ಟ್ 3ರಂದು ಕಂಪ್ಯೂಟರಿಗೆ ಬಿಡುಗಡೆ ಮಾಡಿದ ಈ ಆಟ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಮೇಲಿನ ದಾಳದಾಟದ ಐದನೆಯ ಆವೃತ್ತಿಯ ನಿಯಮಗಳನ್ನು ಆಧರಿಸಿದೆ. ಇದರಲ್ಲಿ 12 ಕ್ಲಾಸ್‌ಗಳು, ಅಂದರೆ ಪಾತ್ರದ ಕಸುಬುಗಳು, ಇವೆ. ಬಿಡುಗಡೆಯಾದಾಗ ಅವುಗಳ ಕೆಳಗೆ ಒಟ್ಟು 46 ಸಬ್‌ಕ್ಲಾಸ್‌ಗಳು, ಅಂದರೆ ಆ ಕಸುಬುಗಳ ಒಳಕವಲುಗಳು, ಇದ್ದವು. 2025ರ ಏಪ್ರಿಲ್‌ನಲ್ಲಿ ಬಂದ ಎಂಟನೆಯ ಪ್ಯಾಚ್ (ಆಟಕ್ಕೆ ಆಗಾಗ ಬರುವ ತಿದ್ದುಪಡಿ) ಪ್ರತಿ ಕ್ಲಾಸಿಗೂ ಒಂದೊಂದನ್ನು ಸೇರಿಸಿದ ಮೇಲೆ ಅವು 58 ಆದವು. ಪಟ್ಟಿ ನೋಡಿದರೆ ಯಾರಿಗಾದರೂ ತಲೆ ತಿರುಗುತ್ತದೆ.

ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗಳು ಭಾನುವಾರಗಳಲ್ಲಿ ನಮ್ಮ ಮನೆಗೆ ಬರುತ್ತಾಳೆ. ಆಟ ಕೊಂಡ ವಾರ ಅವಳು ಕೇಳಿದ ಪ್ರಶ್ನೆಯನ್ನೇ ಎಲ್ಲರೂ ಕೇಳುತ್ತಾರೆ: "ಚಿಕ್ಕಮ್ಮ, ಇದರಲ್ಲಿ ಎಲ್ಲಕ್ಕಿಂತ ಬಲಶಾಲಿ ಯಾವುದು? ಅದನ್ನೇ ತೆಗೆದುಕೊಂಡುಬಿಡುತ್ತೇನೆ."

"ಅದು ಆಮೇಲೆ. ನಿನ್ನ ಸರದಿ ಬಂದಾಗ ನಿನಗೆ ಏನು ಮಾಡಲು ಇಷ್ಟ, ಅದನ್ನು ಮೊದಲು ಹೇಳು" ಎಂದೆ.

ಈ ಲೇಖನದ ತಿರುಳು ಆ ಮಾತಿನಲ್ಲಿದೆ. ಸಬ್‌ಕ್ಲಾಸನ್ನು ಹಾನಿಯ ಅಂಕಿ ನೋಡಿ ಆರಿಸಬೇಡಿ. ಪ್ರತಿ ಸರದಿಯಲ್ಲೂ ನಿಮ್ಮ ಕೈ ಯಾವ ಕೆಲಸ ಮಾಡಲಿದೆ, ನಿಮ್ಮ ತಂಡದಲ್ಲಿ ಯಾವ ಕೆಲಸಕ್ಕೆ ಆಳಿಲ್ಲ ಎಂಬ ಎರಡನ್ನು ನೋಡಿ ಆರಿಸಿ. ಆರಿಸಿದ ಮೇಲೆ ಆ ಸಬ್‌ಕ್ಲಾಸಿಗೆ ಮಾತ್ರ ಇರುವ ಶಕ್ತಿಯನ್ನು ನಡುವೆ ಇಟ್ಟುಕೊಂಡು ಆಡಿ.

ಆಯ್ಕೆ ಬರುವುದು ಯಾವಾಗ

ಎಲ್ಲ ಕ್ಲಾಸ್‌ಗಳೂ ಒಂದೇ ಹೊತ್ತಿಗೆ ಸಬ್‌ಕ್ಲಾಸ್ ಕೇಳುವುದಿಲ್ಲ. ಕ್ಲೆರಿಕ್ (ದೇವರ ಸೇವಕ), ಪ್ಯಾಲಡಿನ್ (ಪ್ರತಿಜ್ಞೆ ತೊಟ್ಟ ಯೋಧ), ಸಾರ್ಸರರ್ (ಹುಟ್ಟಿನಿಂದಲೇ ಮಂತ್ರಬಲ ಉಳ್ಳವನು) ಮತ್ತು ವಾರ್‌ಲಾಕ್ (ಒಪ್ಪಂದದಿಂದ ಮಂತ್ರಬಲ ಪಡೆದವನು) ಮೊದಲನೆಯ ಲೆವೆಲ್‌ನಲ್ಲಿಯೇ (ಆಡುತ್ತ ಹೋದಂತೆ ಪಾತ್ರ ಏರುವ ಮಟ್ಟವೇ ಲೆವೆಲ್), ಅಂದರೆ ಪಾತ್ರ ಸೃಷ್ಟಿಸುವಾಗಲೇ ಕೇಳುತ್ತವೆ. ಡ್ರೂಯಿಡ್ (ಪ್ರಾಣಿರೂಪ ತಾಳುವ ಕಾಡಿನ ಮಂತ್ರಗಾರ) ಮತ್ತು ವಿಝಾರ್ಡ್ (ಓದಿ ಕಲಿತ ಮಂತ್ರಗಾರ) ಎರಡನೆಯ ಲೆವೆಲ್‌ನಲ್ಲಿ ಕೇಳುತ್ತವೆ. ಬಾರ್ಬೇರಿಯನ್ (ರೋಷದಿಂದ ಹೋರಾಡುವವನು), ಬಾರ್ಡ್ (ಹಾಡುಗಾರ), ಫೈಟರ್ (ಯೋಧ), ಮಾಂಕ್ (ಬರಿಗೈ ಹೋರಾಟಗಾರ), ರೇಂಜರ್ (ಬೇಟೆಗಾರ) ಮತ್ತು ರೋಗ್ (ಕಳ್ಳ) ಮೂರನೆಯ ಲೆವೆಲ್‌ವರೆಗೆ ಕಾಯುತ್ತವೆ. ಆಟದ ಬಗ್ಗೆ ಏನೂ ಗೊತ್ತಿಲ್ಲದವರು ಮೂರನೆಯ ಲೆವೆಲ್‌ನ ಗುಂಪಿನಿಂದ ಶುರು ಮಾಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎರಡು ಲೆವೆಲ್ ಆಡುವಷ್ಟರಲ್ಲಿ ಕತ್ತಿ ಬೀಸುವುದು ಇಷ್ಟವೋ ದೂರದಿಂದ ಬಾಣ ಬಿಡುವುದು ಇಷ್ಟವೋ ನಿಮಗೇ ತಿಳಿದಿರುತ್ತದೆ.

58 ಎಂಬ ಸಂಖ್ಯೆಗೆ ಹೆದರಬೇಕಿಲ್ಲ. ಕ್ಲಾಸ್ ಆರಿಸಿದ ಕ್ಷಣಕ್ಕೆ ಅದು ನಾಲ್ಕಕ್ಕೆ ಇಳಿಯುತ್ತದೆ. ಪ್ಯಾಲಡಿನ್, ಕ್ಲೆರಿಕ್ ಮತ್ತು ವಿಝಾರ್ಡ್‌ಗೆ ಮಾತ್ರ ಕ್ರಮವಾಗಿ 5, 8 ಮತ್ತು 9 ಇವೆ.

ಮೊದಲ ಹೆಜ್ಜೆ: ನಿಮ್ಮ ಸರದಿಯನ್ನು ಬಿಡಿಸಿ ನೋಡಿ

ಕಾಳಗ ಶುರುವಾದಾಗ ಒಂದು ಸರದಿಯಲ್ಲಿ ನಿಮಗೆ ಸಿಗುವುದು ಒಂದು ಆಕ್ಷನ್, ಒಂದು ಬೋನಸ್ ಆಕ್ಷನ್ ಮತ್ತು ಒಂದಿಷ್ಟು ದೂರದ ನಡಿಗೆ. ಇವುಗಳ ಜೊತೆಗೆ, ಬೇರೆಯವರ ಸರದಿಯಲ್ಲಿ ಬಳಸುವ ಒಂದು ರಿಯಾಕ್ಷನ್ ಇರುತ್ತದೆ. ಸಬ್‌ಕ್ಲಾಸ್ ಮಾಡುವ ಕೆಲಸವೆಲ್ಲ ಈ ನಾಲ್ಕರಲ್ಲಿ ಯಾವುದೋ ಒಂದರ ಬೆಲೆ ಹೆಚ್ಚಿಸುವುದು. ಯಾವ ಸಬ್‌ಕ್ಲಾಸಿನ ವಿವರಣೆ ಓದುವಾಗಲೂ ಇದು ಯಾವುದನ್ನು ಹೆಚ್ಚಿಸುತ್ತಿದೆ ಎಂದು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲಿಯೇ ಕರಗುತ್ತದೆ.

ಫೈಟರ್ ಕ್ಲಾಸನ್ನೇ ನೋಡೋಣ. ಚಾಂಪಿಯನ್ ಆದರೆ 20 ಮುಖದ ದಾಳದಲ್ಲಿ 20 ಬಿದ್ದಾಗ ಮಾತ್ರವಲ್ಲ, 19 ಬಿದ್ದಾಗಲೂ ಕ್ರಿಟಿಕಲ್, ಅಂದರೆ ಹಾನಿಯ ದಾಳಗಳು ಇಮ್ಮಡಿಯಾಗುವ ಹೊಡೆತ. ನೂರಕ್ಕೆ 5 ಇದ್ದ ಸಾಧ್ಯತೆ 10 ಆಗುತ್ತದೆ. ಅದಕ್ಕಾಗಿ ನೀವು ಏನನ್ನೂ ಒತ್ತಬೇಕಿಲ್ಲ, ಏನನ್ನೂ ನೆನಪಿಡಬೇಕಿಲ್ಲ. ಬ್ಯಾಟಲ್ ಮಾಸ್ಟರ್ ಆದರೆ ಎಂಟು ಮುಖದ ನಾಲ್ಕು ದಾಳಗಳು ಕೈಗೆ ಬರುತ್ತವೆ. ಅವುಗಳನ್ನು ಖರ್ಚು ಮಾಡಿ ಶತ್ರುವನ್ನು ಕಾಲು ತಪ್ಪಿಸಿ ಕೆಡವಬಹುದು, ಅವನ ಆಯುಧವನ್ನು ಕೈಯಿಂದ ಬೀಳಿಸಬಹುದು, ಗುರಿ ತಪ್ಪಲಿದ್ದ ಹೊಡೆತವನ್ನು ಸರಿಪಡಿಸಬಹುದು. ಎಲ್ಡ್ರಿಚ್ ನೈಟ್ ಕತ್ತಿಯ ಜೊತೆಗೆ ಒಂದಿಷ್ಟು ಮಂತ್ರ ಕಲಿಯುತ್ತಾನೆ, ಬಂಧಿಸಿಕೊಂಡ ಆಯುಧವನ್ನು ಎಸೆದರೆ ಅದು ಕೈಗೆ ಮರಳುತ್ತದೆ. ಎಂಟನೆಯ ಪ್ಯಾಚಿನಲ್ಲಿ ಬಂದ ಆರ್ಕೇನ್ ಆರ್ಚರ್ ಬಾಣಕ್ಕೆ ಮಾಯೆ ತುಂಬುತ್ತಾನೆ. ದಿನದ ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ತಲೆಗೆ ಭಾರವಿಲ್ಲದೆ ಆಡುವವರಿಗೆ ಚಾಂಪಿಯನ್ ಹೊಂದುತ್ತದೆ. ಪ್ರತಿ ಹೊಡೆತಕ್ಕೂ ಮುನ್ನ ಯೋಚಿಸುವುದೇ ಸುಖ ಎನ್ನುವವರು ಚಾಂಪಿಯನ್ ತೆಗೆದುಕೊಂಡರೆ ಮೂರನೆಯ ದಿನಕ್ಕೆ ಬೇಸರಪಡುತ್ತಾರೆ. ಅವರಿಗೆ ಬ್ಯಾಟಲ್ ಮಾಸ್ಟರ್ ಸರಿ.

ರೋಗ್ ಕ್ಲಾಸಿನಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಥೀಫ್‌ಗೆ ಪ್ರತಿ ಸರದಿಯಲ್ಲೂ ಎರಡು ಬೋನಸ್ ಆಕ್ಷನ್. ಎರಡು ಕೈಯಲ್ಲಿ ಎರಡು ಚೂರಿ ಹಿಡಿದರೆ ಮೂರು ಇರಿತ, ಇಲ್ಲವೇ ಒಂದು ಬೋನಸ್‌ನಲ್ಲಿ ಓಟ, ಇನ್ನೊಂದರಲ್ಲಿ ಅವಿತುಕೊಳ್ಳುವುದು. ಅಸಾಸಿನ್‌ನ ಬಲವೆಲ್ಲ ಕಾಳಗದ ಮೊದಲ ಸುತ್ತಿನಲ್ಲಿದೆ. ಇನ್ನೂ ಸರದಿ ಬಾರದ ಶತ್ರುವಿನ ಮೇಲೆ ಅವನಿಗೆ ಅನುಕೂಲ (ದಾಳವನ್ನು ಎರಡು ಸಲ ಉರುಳಿಸಿ ಒಳ್ಳೆಯದನ್ನು ಇಟ್ಟುಕೊಳ್ಳುವುದು), ಮೈಮರೆತ ಶತ್ರುವಿಗೆ ಬಿದ್ದ ಪೆಟ್ಟೆಲ್ಲ ಕ್ರಿಟಿಕಲ್. ಆದರೆ ಅದಕ್ಕೆ ನೀವು ಪ್ರತಿ ಕಾಳಗಕ್ಕೂ ಮೊದಲು ಅಡಗಿ, ಕಾದು, ಜಾಗ ನೋಡಿ ಶುರು ಮಾಡಬೇಕು. ಬಾಗಿಲು ಒದ್ದು ನುಗ್ಗುವ ಸ್ವಭಾವದವರಿಗೆ ಅಸಾಸಿನ್ ಕೊಟ್ಟರೆ ಪಾತ್ರವೂ ಹಾಳು, ಆಟವೂ ಹಾಳು.

ಎರಡನೆಯ ಹೆಜ್ಜೆ: ಮೇಳದಲ್ಲಿ ಯಾರಿಲ್ಲ

ನಿಮ್ಮ ತಂಡದಲ್ಲಿ ನೀವೂ ಸೇರಿ ನಾಲ್ಕು ಜನ. ಆಟದಲ್ಲಿ ಸಿಗುವ ಜೊತೆಗಾರರಲ್ಲಿ ಶ್ಯಾಡೋಹಾರ್ಟ್ ಕ್ಲೆರಿಕ್, ಅಸ್ಟೇರಿಯನ್ ರೋಗ್, ಗೇಲ್ ವಿಝಾರ್ಡ್, ಲೇಜೆಲ್ ಫೈಟರ್, ವಿಲ್ ವಾರ್‌ಲಾಕ್, ಕಾರ್ಲಾಕ್ ಬಾರ್ಬೇರಿಯನ್. ಇವರಲ್ಲಿ ಯಾರ ಜೊತೆ ಆಡಲು ನಿಮಗೆ ಮನಸ್ಸಿದೆ ಎಂಬುದನ್ನು ಮೊದಲೇ ಯೋಚಿಸಿ, ಉಳಿದ ಕೆಲಸಕ್ಕೆ ನಿಮ್ಮ ಪಾತ್ರವನ್ನು ಕಟ್ಟಿ. ಬಿದ್ದವರನ್ನು ಎಬ್ಬಿಸಲು ಒಬ್ಬರು, ಬೀಗ ಮತ್ತು ಬೋನುಗಳಿಗೆ ಒಬ್ಬರು, ಮಾತಿನಲ್ಲಿ ಒಪ್ಪಿಸಲು ಒಬ್ಬರು, ಗುಂಪಾಗಿ ಬಂದ ಶತ್ರುಗಳನ್ನು ಒಂದೇ ಏಟಿಗೆ ತಡೆಯಲು ಒಬ್ಬರು ಬೇಕು. ಒಬ್ಬರೇ ಎರಡು ಕೆಲಸ ಹೊರಬಹುದು. ಸಂಭಾಷಣೆಗಳಲ್ಲಿ ಬಹುಪಾಲು ಮುಂದೆ ನಿಲ್ಲುವುದು ನೀವು ಕಟ್ಟಿದ ಪಾತ್ರವೇ ಆದ್ದರಿಂದ, ಮಾತು ಇಷ್ಟಪಡುವವರು ಬಾರ್ಡ್ ಕಡೆ ಒಮ್ಮೆ ನೋಡಬೇಕು. ಕಾಲೇಜ್ ಆಫ್ ಲೋರ್‌ನ ಬಾರ್ಡ್ ಶತ್ರು ಕತ್ತಿ ಎತ್ತಿದಾಗ ಒಂದು ಚುಚ್ಚುಮಾತಿನಿಂದ ಅವನ ದಾಳದ ಅಂಕವನ್ನೇ ಇಳಿಸುತ್ತಾನೆ. ಅದು ರಿಯಾಕ್ಷನ್ನಿನ ಬೆಲೆ ಹೆಚ್ಚಿಸುವ ಸಬ್‌ಕ್ಲಾಸ್.

ತಂಡದೊಳಗಿನ ಜಗಳವನ್ನು ತಪ್ಪಿಸುವ ಸಬ್‌ಕ್ಲಾಸ್‌ಗಳೂ ಇವೆ. ನಿಮ್ಮ ತಂಡದಲ್ಲಿ ಕತ್ತಿ ಹಿಡಿದು ಮುನ್ನುಗ್ಗುವವರು ಇಬ್ಬರಿದ್ದು, ವಿಝಾರ್ಡ್ ಬೆಂಕಿಯುಂಡೆ ಎಸೆಯಬೇಕೆಂದರೆ ಯಾವಾಗಲೂ ನಮ್ಮವರೇ ಅಡ್ಡ ನಿಂತಿರುತ್ತಾರೆ. ಇವೊಕೇಶನ್ ಶಾಲೆಯ ವಿಝಾರ್ಡ್‌ಗೆ ಎರಡನೆಯ ಲೆವೆಲ್‌ನಿಂದಲೇ ತನ್ನ ಶಾಲೆಯ ಮಂತ್ರಗಳಿಂದ ಸ್ವಂತ ತಂಡದವರನ್ನು ಉಳಿಸುವ ಶಕ್ತಿ ಇದೆ. ಬೆಂಕಿಯ ನಡುವೆ ನಿಂತ ಲೇಜೆಲ್‌ಗೆ ಕೂದಲೂ ಸುಡುವುದಿಲ್ಲ. ಡಿವಿನೇಶನ್ ಶಾಲೆ ಬೇರೆಯೇ ರುಚಿ. ದೀರ್ಘ ವಿಶ್ರಾಂತಿಯಾದ ಮೇಲೆ ಎರಡು ದಾಳಗಳ ಅಂಕ ಮೊದಲೇ ಕೈಯಲ್ಲಿರುತ್ತದೆ, ಬೇಕಾದ ಹೊತ್ತಿಗೆ ಯಾರದೋ ದಾಳದ ಬದಲಿಗೆ ಅದನ್ನು ಇಡಬಹುದು. ಶಕುನಿಯ ಪಾತ್ರ ಮಾಡಿದ ಚಿಕ್ಕಪ್ಪನಿಗೆ ನಾನು ಇದನ್ನು ವಿವರಿಸಿದಾಗ ಅವರು ಸ್ಕ್ರೀನ್ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

ಮೂರನೆಯ ಹೆಜ್ಜೆ: ಖರ್ಚಿನ ಲೆಕ್ಕ

ಇದನ್ನು ಹೊಸಬರು ನೋಡುವುದೇ ಇಲ್ಲ. ಕೆಲವು ಶಕ್ತಿಗಳು ಕಿರು ವಿಶ್ರಾಂತಿಗೇ ಮರಳಿ ತುಂಬುತ್ತವೆ, ಕೆಲವು ಬಿಡಾರ ಹೂಡಿ ಮಲಗಿದರೆ ಮಾತ್ರ. ಒಂದು ದೀರ್ಘ ವಿಶ್ರಾಂತಿಯಿಂದ ಇನ್ನೊಂದಕ್ಕೆ ಎರಡು ಕಿರು ವಿಶ್ರಾಂತಿಗಳು ಸಿಗುತ್ತವೆ. ದೀರ್ಘ ವಿಶ್ರಾಂತಿಗೆ ಬ್ಯಾಲೆನ್ಸ್ಡ್ ಕಷ್ಟಮಟ್ಟದಲ್ಲಿ 40, ಟ್ಯಾಕ್ಟಿಷಿಯನ್ ಮಟ್ಟದಲ್ಲಿ 80 ಅಂಕಗಳಷ್ಟು ಆಹಾರ ಖರ್ಚಾಗುತ್ತದೆ. ಬ್ಯಾಟಲ್ ಮಾಸ್ಟರ್‌ನ ದಾಳಗಳು, ವಾರ್‌ಲಾಕ್‌ನ ಮಂತ್ರಗಳು, ಮಾಂಕ್‌ನ ಕೀ ಎಂಬ ಒಳಶಕ್ತಿ, ಡ್ರೂಯಿಡ್‌ನ ಪ್ರಾಣಿರೂಪ, ಕ್ಲೆರಿಕ್‌ನ ಚಾನೆಲ್ ಡಿವಿನಿಟಿ ಎಂಬ ದೈವಬಲ ಇವೆಲ್ಲ ಕಿರು ವಿಶ್ರಾಂತಿಯ ಗುಂಪಿಗೆ ಸೇರಿದವು. ವಿಝಾರ್ಡ್, ಸಾರ್ಸರರ್, ಕ್ಲೆರಿಕ್‌ಗಳ ಮಂತ್ರದ ಸ್ಲಾಟ್‌ಗಳು (ಇಷ್ಟು ಸಲ ಮಂತ್ರ ಹಾಕಬಹುದು ಎಂಬ ಲೆಕ್ಕ) ಮೂಲತಃ ದೀರ್ಘ ವಿಶ್ರಾಂತಿಯ ಗುಂಪಿಗೆ. ನಾಲ್ವರೂ ದೀರ್ಘ ವಿಶ್ರಾಂತಿಯವರೇ ಆದರೆ ಎರಡು ಕಾಳಗಕ್ಕೆ ಎಲ್ಲರ ಕೈ ಖಾಲಿ. ಇಬ್ಬರು ಅತ್ತ, ಇಬ್ಬರು ಇತ್ತ ಇರುವಂತೆ ನೋಡಿಕೊಳ್ಳಿ. ಎರಡನೆಯ ಲೆವೆಲ್‌ನ ಬಾರ್ಡ್ ಇದ್ದರೆ ಅವನ ಹಾಡಿನಿಂದ ಇನ್ನೊಂದು ಕಿರು ವಿಶ್ರಾಂತಿಯ ಲಾಭ ಸಿಗುತ್ತದೆ.

ಒದ್ದೆ ಕೈ, ಮೋಟಾರಿನ ಸ್ವಿಚ್ಚು

ಈಗ ಒಂದು ಸಬ್‌ಕ್ಲಾಸನ್ನು ಹತ್ತಿರದಿಂದ ನೋಡೋಣ. ಅಕ್ಕನ ಮಗಳು ನನ್ನ ಪ್ರಶ್ನೆಗೆ ಕೊಟ್ಟ ಉತ್ತರ ಹೀಗಿತ್ತು: "ನನಗೆ ದೂರದಿಂದ ದೊಡ್ಡ ಏಟು ಕೊಡಬೇಕು. ಆದರೆ ಯಾರಾದರೂ ಹತ್ತಿರ ಬಂದರೆ ಓಡಿಹೋಗುವ ಪಾತ್ರ ಬೇಡ." ವಿಝಾರ್ಡ್ ಎಂದರೆ ಕವಚವಿಲ್ಲದೆ ಬರೀ ಬಟ್ಟೆ ತೊಟ್ಟವನು, ಶತ್ರು ಹತ್ತಿರ ಬಂದರೆ ಕಷ್ಟ. ಹಾಗಾಗಿ ಕ್ಲೆರಿಕ್ ಕಡೆ ನೋಡಿದೆವು. ಅದರ ಸಬ್‌ಕ್ಲಾಸಿಗೆ ಡೊಮೇನ್ ಎಂದು ಹೆಸರು. ಲೈಫ್ ಡೊಮೇನ್ ಗಾಯ ಮಾಯಿಸುವುದರಲ್ಲಿ ಮುಂದು, ಲೈಟ್ ಡೊಮೇನ್ ಬೆಂಕಿ ಮತ್ತು ಬೆಳಕಿನದು, ವಾರ್ ಡೊಮೇನ್ ಆಯುಧದ್ದು. ಟೆಂಪೆಸ್ಟ್ ಡೊಮೇನ್ ಅವಳಿಗೆ ತಕ್ಕ ಹಾಗಿತ್ತು: ಭಾರಿ ಕವಚ ತೊಡುವ ಅನುಮತಿ, ಹೊಡೆದವನಿಗೆ ರಿಯಾಕ್ಷನ್‌ನಲ್ಲಿ ಸಿಡಿಲಿನ ಮರುಹೊಡೆತ, ಎರಡನೆಯ ಲೆವೆಲ್‌ನಿಂದ, ಚಾನೆಲ್ ಡಿವಿನಿಟಿ ಖರ್ಚು ಮಾಡಿ ಬಳಸುವ ಡಿಸ್ಟ್ರಕ್ಟಿವ್ ರಾತ್ ಎಂಬ ಶಕ್ತಿ. ಸಿಡಿಲು ಅಥವಾ ಗುಡುಗಿನ ಹಾನಿ ಮಾಡುವಾಗ ದಾಳ ಉರುಳಿಸುವ ಬದಲು ಪೂರ್ತಿ ಗರಿಷ್ಠ ಅಂಕವನ್ನೇ ತೆಗೆದುಕೊಳ್ಳುವುದು ಅದರ ಕೆಲಸ.

ಇದಕ್ಕೆ ನೀರು ಸೇರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಡೆಯ ತೋಟದವರಿಗೆ ಹೇಳಿಕೊಡಬೇಕಿಲ್ಲ. ಒದ್ದೆ ಕೈಯಲ್ಲಿ ಬೋರ್‌ವೆಲ್ ಮೋಟಾರಿನ ಸ್ವಿಚ್ಚು ಮುಟ್ಟಬಾರದು ಎಂದು ಕೇಳಿಕೊಂಡೇ ನಾವು ಬೆಳೆದದ್ದು. ಈ ಆಟದಲ್ಲಿಯೂ ಹಾಗೆಯೇ. ಒದ್ದೆಯಾದವರಿಗೆ ಸಿಡಿಲಿನ ಹಾನಿ ಎರಡು ಪಟ್ಟು. ಚಳಿಯ ಹಾನಿಯೂ ಎರಡು ಪಟ್ಟು. ಗುಡುಗಿನ ಹಾನಿ ಮಾತ್ರ ಹೆಚ್ಚುವುದಿಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ. ಬೆಂಕಿಯಂತೂ ಒದ್ದೆಯಾದವರ ಮೇಲೆ ಸೋಲುತ್ತದೆ. ಹಾಗಾಗಿ ನೀವು ನೀರು ಸುರಿದ ಮೇಲೆ ಗೇಲ್‌ನಿಂದ ಬೆಂಕಿಯುಂಡೆ ಹಾಕಿಸಬೇಡಿ.

ಲೆಕ್ಕ ಹೀಗೆ. ಐದನೆಯ ಲೆವೆಲ್‌ನಲ್ಲಿ ಟೆಂಪೆಸ್ಟ್ ಕ್ಲೆರಿಕ್‌ಗೆ ಕಾಲ್ ಲೈಟ್ನಿಂಗ್ ಮಂತ್ರ ಸಿಗುತ್ತದೆ. ಅದರ ಹಾನಿ ಹತ್ತು ಮುಖದ ಮೂರು ದಾಳಗಳು, ಸರಾಸರಿ 16ರಿಂದ 17. ಡಿಸ್ಟ್ರಕ್ಟಿವ್ ರಾತ್ ಬಳಸಿದರೆ ನೇರವಾಗಿ 30. ಶತ್ರು ಒದ್ದೆಯಾಗಿದ್ದರೆ 60. ಅವನು ಚುರುಕಾಗಿ ಪಕ್ಕಕ್ಕೆ ಸರಿದು ಪಾರಾದರೂ ಅರ್ಧ, ಅಂದರೆ 30 ತಪ್ಪುವುದಿಲ್ಲ. ಮೋಡ ಅಲ್ಲಿಗೇ ಕರಗುವುದೂ ಇಲ್ಲ. ಏಕಾಗ್ರತೆ ಉಳಿದಿರುವವರೆಗೆ, 10 ಸರದಿಗಳ ತನಕ, ಪ್ರತಿ ಸರದಿಯಲ್ಲೂ ಒಂದು ಆಕ್ಷನ್ ಕೊಟ್ಟು, ಹೊಸ ಸ್ಲಾಟ್ ಖರ್ಚಿಲ್ಲದೆ ಮತ್ತೊಂದು ಸಿಡಿಲು ಇಳಿಸಬಹುದು.

ಪಾತ್ರ ಸೃಷ್ಟಿಸುವಾಗ ಸಾಮರ್ಥ್ಯದ ಅಂಕಗಳನ್ನು ನಾವು ಹಂಚಿದ ರೀತಿ ಇದು: ವಿಸ್ಡಮ್ 17, ಕಾನ್‌ಸ್ಟಿಟ್ಯೂಷನ್ 16, ಡೆಕ್ಸ್ಟರಿಟಿ 14, ಸ್ಟ್ರೆಂಥ್ 10, ಇಂಟೆಲಿಜೆನ್ಸ್ 8, ಕರಿಸ್ಮಾ 8. ಕ್ಲೆರಿಕ್‌ನ ಮಂತ್ರಗಳಿಗೆಲ್ಲ ವಿಸ್ಡಮ್ ಆಧಾರ. ಏಕಾಗ್ರತೆ ಉಳಿಸಿಕೊಳ್ಳಲು ಕಾನ್‌ಸ್ಟಿಟ್ಯೂಷನ್ ಬೇಕು. ಏಟು ಬಿದ್ದಾಗಲೆಲ್ಲ 10 ಅಥವಾ ಬಿದ್ದ ಹಾನಿಯ ಅರ್ಧ, ಯಾವುದು ಹೆಚ್ಚೋ ಅದನ್ನು ದಾಳದಲ್ಲಿ ಮುಟ್ಟದಿದ್ದರೆ ಮೋಡ ಚದುರುತ್ತದೆ. ಭಾರಿ ಕವಚ ತೊಡುವವರಿಗೆ ಡೆಕ್ಸ್ಟರಿಟಿ ಏಕೆ ಎಂದು ಕೇಳಬಹುದು. ಯಾರ ಸರದಿ ಮೊದಲು ಎಂಬುದನ್ನು ಈ ಆಟ ನಾಲ್ಕು ಮುಖದ ದಾಳದಿಂದ ತೀರ್ಮಾನಿಸುತ್ತದೆ. ದಾಳದ ಅಂಕ 1ರಿಂದ 4ರೊಳಗೇ ಇರುವಾಗ ಡೆಕ್ಸ್ಟರಿಟಿ ಕೊಡುವ 2 ಅಂಕ ಬಹಳ ದೊಡ್ಡದು. ಶತ್ರುಗಳು ಚದುರುವ ಮೊದಲೇ ಸಿಡಿಲು ಇಳಿಸಲು ಅದು ಬೇಕು.

ನಾಲ್ಕನೆಯ ಲೆವೆಲ್‌ನಲ್ಲಿ ವಾರ್ ಕಾಸ್ಟರ್ ಎಂಬ ಫೀಟ್ (ವಿಶೇಷ ಕೌಶಲ) ತೆಗೆದುಕೊಳ್ಳಿ, ಏಕಾಗ್ರತೆಯ ದಾಳವನ್ನು ಎರಡು ಸಲ ಉರುಳಿಸಿ ಒಳ್ಳೆಯದನ್ನು ಇಟ್ಟುಕೊಳ್ಳಬಹುದು. ಎಂಟನೆಯದರಲ್ಲಿ ವಿಸ್ಡಮ್ ಏರಿಸಿ. ಸಿದ್ಧಪಡಿಸಿಕೊಳ್ಳಬೇಕಾದ ಮಂತ್ರಗಳಲ್ಲಿ ಕ್ರಿಯೇಟ್ ವಾಟರ್ ಮತ್ತು ಹೀಲಿಂಗ್ ವರ್ಡ್ ಯಾವಾಗಲೂ ಇರಲಿ. ಹೀಲಿಂಗ್ ವರ್ಡ್ ಬೋನಸ್ ಆಕ್ಷನ್‌ನ ಮಂತ್ರ. ಒಂದೇ ಸರದಿಯಲ್ಲಿ ಬಿದ್ದ ಗೆಳೆಯನನ್ನು ದೂರದಿಂದಲೇ ಎಬ್ಬಿಸಿ, ಆಕ್ಷನ್‌ನಲ್ಲಿ ಸಿಡಿಲನ್ನೂ ಇಳಿಸಬಹುದು. ತಂಡದವರ ದಾಳಕ್ಕೆ ಬಲ ಕೊಡುವ ಬ್ಲೆಸ್ ಒಳ್ಳೆಯ ಮಂತ್ರವೇ, ಆದರೆ ಅದೂ ಏಕಾಗ್ರತೆ ಬೇಡುತ್ತದೆ. ಒಬ್ಬರು ಒಂದು ಹೊತ್ತಿಗೆ ಒಂದರ ಮೇಲೆ ಮಾತ್ರ ಏಕಾಗ್ರತೆ ಇಡಬಲ್ಲರು. ಕಾಲ್ ಲೈಟ್ನಿಂಗ್ ನಡೆಯುತ್ತಿರುವಾಗ ಬ್ಲೆಸ್ ಹಾಕಿದರೆ ಮೋಡ ಹೋಗುತ್ತದೆ.

ಐದನೆಯ ಲೆವೆಲ್‌ಗೆ ಮೊದಲು ಏನು ಮಾಡುವುದು? ಆ ದಿನಗಳಲ್ಲಿ ಥಂಡರ್‌ವೇವ್ ನಿಮ್ಮ ಆಸರೆ. ಎಂಟು ಮುಖದ ಎರಡು ದಾಳ, ಡಿಸ್ಟ್ರಕ್ಟಿವ್ ರಾತ್ ಸೇರಿದರೆ 16. ಹಾನಿಗಿಂತ ಅದರ ತಳ್ಳುವ ಗುಣ ಮುಖ್ಯ. ಆಟದ ಕಥೆಯ ಮೊದಲ ಅಂಕದಲ್ಲಿ ಬಂಡೆಯ ಅಂಚು, ಮುರಿದ ಸೇತುವೆ, ಎತ್ತರದ ಅಟ್ಟ ಹೆಜ್ಜೆ ಹೆಜ್ಜೆಗೂ ಇವೆ. ಅಂಚಿನಲ್ಲಿ ನಿಂತವನಿಗೆ 16 ಅಂಕದ ಹಾನಿಗಿಂತ ಕೆಳಗೆ ಬೀಳುವುದೇ ದೊಡ್ಡ ಕೇಡು. ಆರನೆಯ ಲೆವೆಲ್ ಬಂದಾಗ ನಿಮ್ಮ ಸಿಡಿಲಿಗೂ ಈ ತಳ್ಳುವ ಗುಣ ಬರುತ್ತದೆ, ಅದೇ ಲೆವೆಲ್‌ನಲ್ಲಿ ಚಾನೆಲ್ ಡಿವಿನಿಟಿ ಒಂದರಿಂದ ಎರಡಾಗುತ್ತದೆ.

ಇನ್ನು ಆಡುವ ಕ್ರಮ. ಇದರಲ್ಲಿಯೇ ನಾವು ಎಡವಿದ್ದು. ಮೊದಲ ಕಾಳಗದಲ್ಲಿ ಅವಳು ತಾನೇ ನೀರು ಸುರಿದು, ಮುಂದಿನ ಸರದಿಗೆ ಸಿಡಿಲು ಇಳಿಸಲು ಕಾದಳು. ಅಷ್ಟರಲ್ಲಿ ಶತ್ರುಗಳು ನೀರಿನಿಂದ ಹೊರಬಂದಿದ್ದರು. ಎರಡನೆಯ ಕಾಳಗದಲ್ಲಿ ನಾನು ಆಡಿಸುತ್ತಿದ್ದ ಲೇಜೆಲ್ ಅದೇ ನೀರಿನಲ್ಲಿ ನಿಂತು ಕತ್ತಿ ಬೀಸುತ್ತಿದ್ದಳು. ಸಿಡಿಲು ಬಿತ್ತು, ನೀರಿನ ತುಂಬ ನೀಲಿ ಮಿಂಚು ಹರಿಯಿತು, ಶತ್ರುಗಳ ಜೊತೆಗೆ ಲೇಜೆಲ್ ಕೂಡ ನೆಲಕ್ಕೆ. ಸುಮಾರು ಹೊತ್ತು ನಾವಿಬ್ಬರೂ ಮಾತನಾಡಲಿಲ್ಲ. ನೀರು ನೆಲದ ಮೇಲೆ ನಿಂತಿದ್ದರೆ ಸಿಡಿಲು ಅದರಲ್ಲಿ ನಿಂತ ಎಲ್ಲರನ್ನೂ ಹಿಡಿಯುತ್ತದೆ, ನಮ್ಮವರು, ಶತ್ರುಗಳು ಎಂಬ ಭೇದವಿಲ್ಲ.

ಮೂರನೆಯ ಸಲ ನೀರಿನ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿದೆವು. ನೀರಿನ ಬಾಟಲಿಯನ್ನು ಯಾರು ಬೇಕಾದರೂ ಎಸೆಯಬಹುದು, ಅದಕ್ಕೆ ಮಂತ್ರ ಬೇಕಿಲ್ಲ. ದಾರಿಯಲ್ಲಿ ಸಿಕ್ಕ ಬಾಟಲಿಗಳನ್ನೆಲ್ಲ ಅಸ್ಟೇರಿಯನ್‌ನ ಚೀಲಕ್ಕೆ ಹಾಕಿ. ಸರದಿಯ ಪಟ್ಟಿಯಲ್ಲಿ ನಮ್ಮವರು ಅಕ್ಕಪಕ್ಕ ಬಂದರೆ ಅವರಲ್ಲಿ ಯಾರು ಮೊದಲು ಎಂಬುದನ್ನು ನೀವೇ ತೀರ್ಮಾನಿಸಬಹುದು. ಅಸ್ಟೇರಿಯನ್ ಬಾಟಲಿ ಎಸೆಯುತ್ತಾನೆ, ಲೇಜೆಲ್ ನೀರಿನಿಂದ ಹಿಂದೆ ಸರಿಯುತ್ತಾಳೆ, ಆಮೇಲೆ ಕ್ಲೆರಿಕ್‌ನ ಸಿಡಿಲು. ಅಂದು ಗಾಬ್ಲಿನ್ ಬಿಡಾರದ ಕಾಳಗದಲ್ಲಿ ಸ್ಕ್ರೀನಿನ ಮೇಲೆ 60 ಎಂಬ ಅಂಕ ಎದ್ದಾಗ ಹುಡುಗಿ ಕುರ್ಚಿಯಿಂದ ಎದ್ದು ನಿಂತಳು. ಆ ಖುಷಿ ನೋಡಲೆಂದೇ ನಾನು ಈ ಆಟವನ್ನು ಇನ್ನೊಬ್ಬರಿಗೆ ಹೇಳಿಕೊಡುತ್ತೇನೆ.

ಒಂದು ಎಚ್ಚರಿಕೆ. ಸಿಡಿಲು ಹತ್ತದ ಶತ್ರುಗಳೂ ಇದ್ದಾರೆ. ಕಾಳಗದ ಮೊದಲ ಸುತ್ತಿನಲ್ಲಿಯೇ ದೊಡ್ಡ ಶತ್ರುವಿನ ಮೇಲೆ ಬಲ ಕ್ಲಿಕ್ ಮಾಡಿ ಎಕ್ಸಾಮಿನ್ ಆರಿಸಿ. ಅವನಿಗೆ ಯಾವ ಹಾನಿ ತಾಗುತ್ತದೆ, ಯಾವುದು ತಾಗದು ಎಂಬುದು ಅಲ್ಲಿ ಕಾಣುತ್ತದೆ. ಚಾನೆಲ್ ಡಿವಿನಿಟಿ ಖರ್ಚು ಮಾಡುವ ಮೊದಲು ಇದನ್ನು ನೋಡುವುದು ಅಭ್ಯಾಸವಾಗಲಿ.

ಕ್ಲೆರಿಕ್‌ಗೆ ಒಬ್ಬ ದೇವರನ್ನೂ ಆರಿಸಬೇಕು. ಈ ಆಟದಲ್ಲಿ ದೇವರಿಗೂ ಡೊಮೇನಿಗೂ ಕಟ್ಟು ಇಲ್ಲ. ಬಿರುಗಾಳಿಯ ದೇವರು ಟಾಲೋಸ್ ಪಟ್ಟಿಯಲ್ಲಿದ್ದಾನೆ, ಆದರೆ ಅವನು ಕೇಡಿನ ಪಕ್ಷದವನು. ಅಕ್ಕನ ಮಗಳು ಬೆಳಗಿನ ದೇವರಾದ ಲಥಾಂಡರ್‌ನನ್ನು ಆರಿಸಿದಳು. ಅದು ಅವಳ ಸ್ವಭಾವಕ್ಕೆ ಸರಿಯಾಗಿ ಹೊಂದಿತು.

ಪಾತ್ರ ಹೊಂದದಿದ್ದರೆ

ನಾಟಕದಲ್ಲಿ ಬಣ್ಣ ಹಚ್ಚಿದ ಮೇಲೆ ಪಾತ್ರ ಬದಲಿಸಲು ಬರುವುದಿಲ್ಲ. ಇಲ್ಲಿ ಬರುತ್ತದೆ. ಮೊದಲ ಅಂಕದ ಹಾಳು ನೆಲಮಾಳಿಗೆಯಲ್ಲಿ ಸಿಗುವ ವಿದರ್ಸ್ ಎಂಬ ಅಸ್ಥಿಪಂಜರದಂತಹ ಮುದುಕ ಬಿಡಾರಕ್ಕೆ ಬಂದು ಕೂತ ಮೇಲೆ, 100 ಚಿನ್ನದ ನಾಣ್ಯ ಕೊಟ್ಟರೆ ನಿಮ್ಮ ಕ್ಲಾಸ್, ಸಬ್‌ಕ್ಲಾಸ್, ಸಾಮರ್ಥ್ಯದ ಅಂಕ ಎಲ್ಲವನ್ನೂ ಮೊದಲಿನಿಂದ ಕಟ್ಟಿಕೊಡುತ್ತಾನೆ. ಎಷ್ಟು ಸಲ ಬೇಕಾದರೂ ಬದಲಿಸಬಹುದು. ಜೊತೆಗಾರರನ್ನೂ ಹೀಗೆಯೇ ಬದಲಿಸಬಹುದು. ಶ್ಯಾಡೋಹಾರ್ಟ್ ಟ್ರಿಕರಿ ಡೊಮೇನಿನವಳಾಗಿ ಬರುತ್ತಾಳೆ. ಅದು ನಿಮ್ಮ ತಂಡಕ್ಕೆ ಉಪಯೋಗವಾಗುತ್ತಿಲ್ಲವೆಂದರೆ ಅವಳನ್ನು ಲೈಫ್‌ಗೋ ಲೈಟ್‌ಗೋ ತಿರುಗಿಸಿ.

ಆದ್ದರಿಂದ ಎರಡು ಸಬ್‌ಕ್ಲಾಸ್‌ಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಓದುತ್ತ ಕೂರಬೇಡಿ. ಒಂದು ಕಾಳಗದ ಮುಂದೆ ಸೇವ್ ಮಾಡಿ. ಒಂದು ಸಬ್‌ಕ್ಲಾಸ್‌ನಲ್ಲಿ ಆ ಕಾಳಗವನ್ನು ಪೂರ್ತಿ ಆಡಿ. ಸೇವ್ ತೆರೆದು, ವಿದರ್ಸ್ ಬಳಿ ಬದಲಿಸಿಕೊಂಡು ಅದೇ ಕಾಳಗವನ್ನು ಮತ್ತೊಮ್ಮೆ ಆಡಿ. ಗೆದ್ದಿರೋ ಸೋತಿರೋ ಲೆಕ್ಕಿಸಬೇಡಿ. ಯಾವುದರಲ್ಲಿ ನಿಮ್ಮ ಸರದಿಗಾಗಿ ಕಾಯುತ್ತಿದ್ದಿರಿ ಎಂಬುದನ್ನು ಗಮನಿಸಿ. ಡ್ರೂಯಿಡ್ ಆಡುವವರು ಈ ಪರೀಕ್ಷೆಯನ್ನು ಮಾಡಲೇಬೇಕು. ಸರ್ಕಲ್ ಆಫ್ ದ ಮೂನ್‌ನವರು ಬೋನಸ್ ಆಕ್ಷನ್‌ನಲ್ಲಿಯೇ ಕರಡಿಯಾಗಬಲ್ಲರು, ಆದರೆ ಕರಡಿಯ ರೂಪದಲ್ಲಿ ಹೊಸ ಮಂತ್ರ ಹಾಕಲಾಗದು. ಸರ್ಕಲ್ ಆಫ್ ಸ್ಪೋರ್ಸ್‌ನವರು ಅದೇ ಪ್ರಾಣಿರೂಪದ ಶಕ್ತಿಯನ್ನು ಖರ್ಚು ಮಾಡಿ, ರೂಪ ಬದಲಿಸದೆ, ಒಂದೊಂದು ಲೆವೆಲ್‌ಗೆ 4ರಂತೆ ತಾತ್ಕಾಲಿಕ ಪ್ರಾಣಬಲ ಪಡೆಯುತ್ತಾರೆ. ಕಾಗದದ ಮೇಲೆ ಎರಡೂ ಒಂದೇ ತೂಕ. ಆಡುವಾಗ ಎರಡು ಬೇರೆ ಬೇರೆ ಜೀವಗಳು.

ಪ್ಯಾಲಡಿನ್ ಮಾತ್ರ ಇದಕ್ಕೆ ಹೊರತು. ಅವನ ಸಬ್‌ಕ್ಲಾಸ್ ಎಂದರೆ ಒಂದು ಪ್ರತಿಜ್ಞೆ. ಅದಕ್ಕೆ ವಿರುದ್ಧವಾಗಿ ನಡೆದರೆ, ನಿರಪರಾಧಿಯನ್ನು ಕೊಂದರೆ, ಪ್ರತಿಜ್ಞೆ ಮುರಿದು ಓತ್‌ಬ್ರೇಕರ್ ಆಗುತ್ತೀರಿ. 1000 ನಾಣ್ಯ ತೆತ್ತು ಅದನ್ನು ಮರಳಿ ಪಡೆಯುವ ದಾರಿ ಇದೆ. ಆದರೂ ಸುಮ್ಮನೆ ಕೆಣಕಿ ನೋಡುವುದು ನಿಮ್ಮ ಆಟದ ರೀತಿಯಾಗಿದ್ದರೆ ಪ್ಯಾಲಡಿನ್ ಬೇಡ. ಭೀಷ್ಮನ ಪಾತ್ರ ಮಾಡುವವರು ರಂಗದ ಮೇಲೆ ಪ್ರತಿಜ್ಞೆ ನೆನಪಿಟ್ಟುಕೊಳ್ಳಬೇಕಾಗುತ್ತದೆ.

ಎರಡು ಕ್ಲಾಸ್ ಬೆರೆಸುವ ಆಸೆ ಬೇಗ ಹುಟ್ಟುತ್ತದೆ. ಎರಡು ಲೆವೆಲ್ ಟೆಂಪೆಸ್ಟ್ ಕ್ಲೆರಿಕ್, ಮಿಕ್ಕದ್ದು ಸಾರ್ಸರರ್ ಎಂಬ ಮಿಶ್ರಣ ಹೆಸರುವಾಸಿ. ಲೈಟ್ನಿಂಗ್ ಬೋಲ್ಟ್‌ನ ಆರು ಮುಖದ ಎಂಟು ದಾಳಗಳು ಗರಿಷ್ಠವಾಗಿ 48, ಒದ್ದೆಯಾದವನ ಮೇಲೆ 96. ಆದರೆ ಆ ಮಂತ್ರ ಸಿಗಲು ಸಾರ್ಸರರ್‌ನ ಐದು ಲೆವೆಲ್ ಬೇಕು, ಒಟ್ಟು ಏಳು. ಆಟದ ಗರಿಷ್ಠ ಲೆವೆಲ್ 12. ಮೊದಲ ಬಾರಿ ಆಡುವವರು ಒಂದೇ ಕ್ಲಾಸ್‌ನಲ್ಲಿ ಕನಿಷ್ಠ ಐದರವರೆಗೆ ಹೋಗಿ. ಕತ್ತಿಯವರಿಗೆ ಎರಡನೆಯ ಹೊಡೆತ, ವಿಝಾರ್ಡ್‌ನಂತಹ ಮಂತ್ರದವರಿಗೆ ಮೂರನೆಯ ಹಂತದ ಮಂತ್ರಗಳು ಅಲ್ಲಿಯೇ ಬರುತ್ತವೆ. ಅದಕ್ಕೂ ಮೊದಲು ಬೆರೆಸಿದರೆ ಎರಡೂ ಕಡೆ ಅರ್ಧಂಬರ್ಧ.

ಕೊನೆಯದಾಗಿ ನಮ್ಮ ಕಡೆಯವರಿಗೆ ಬೇಕಾದ ಎರಡು ಮಾತು. ಆಟಕ್ಕೆ ಎಸ್‌ಎಸ್‌ಡಿಯಲ್ಲಿ 150 ಜಿಬಿ ಜಾಗ ಬೇಕು, ಕೊಳ್ಳುವ ಮೊದಲೇ ನೋಡಿಕೊಳ್ಳಿ. ಕಂಪ್ಯೂಟರಿನಲ್ಲಿ ಎಫ್5 ಒತ್ತಿದರೆ ತಕ್ಷಣ ಸೇವ್ ಆಗುತ್ತದೆ, ಎಫ್8 ಒತ್ತಿದರೆ ಅಲ್ಲಿಗೆ ಮರಳುತ್ತದೆ. ಲೆವೆಲ್ ಏರಿಸಿ ಸಬ್‌ಕ್ಲಾಸ್ ಒಪ್ಪುವ ಮೊದಲು ಒಮ್ಮೆ, ಒಪ್ಪಿದ ಮೇಲೆ ಒಮ್ಮೆ ಎಫ್5 ಒತ್ತಿ. ಏಪ್ರಿಲ್–ಮೇ ತಿಂಗಳ ಸಂಜೆ ದೇವರಾಯನದುರ್ಗದ ಕಡೆಯಿಂದ ಕಪ್ಪು ಮೋಡ ಎದ್ದು ಮೊದಲ ಗುಡುಗು ಕೇಳಿಸಿದರೆ, ಕಾಳಗ ಎಷ್ಟೇ ರುಚಿಯ ಘಟ್ಟದಲ್ಲಿದ್ದರೂ ಸೇವ್ ಮಾಡಿ, ಕಂಪ್ಯೂಟರನ್ನು ನಿಲ್ಲಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು ಪಕ್ಕಕ್ಕಿಡಿ.